ಪಿಗ್ಮಿ ಬ್ಯಾಗಿಂದ ಸಿಬಿಲ್ ಸ್ಕೋರ್‌ವರೆಗೆ: ಬ್ಯಾಂಕ್ ನಡೆಸುದು ಜನವಾ, ರೂಲ್ಸಾ?

ನಮ್ಮ ಮಂಗಳೂರು-ಉಡುಪಿ ಕಡೆ ಬ್ಯಾಂಕಿನ ವಿಷಯ ಎತ್ತಿದ್ರೆ ಮಾತು ಎರಡೇ ದಾರೀಲಿ ಹೋಗುದು. ಒಬ್ರು "ಮೊದ್ಲಿನ ಮ್ಯಾನೇಜರ್‌ಗಳು ಎಂಥ ಜನ ಮಾರಾಯ್ರೆ" ಅಂತಾರೆ, ಇನ್ನೊಬ್ರು "ಈಗಿನವ್ರಾದ್ರೂ ಎಂತ ಮಾಡುದು, ಎಲ್ಲ ಮೇಲಿಂದ ಬರುದಲ್ವಾ" ಅಂತಾರೆ. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾಕ್ಕೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ ಹೋಯ್ತು, ಆಮೇಲಂತೂ ಈ ವಾದ ಬಿಡಿಸ್ಲಿಕ್ಕಾಗದ ಗಂಟಾಗಿದೆ.

ಸಮಾಜಶಾಸ್ತ್ರದವ್ರಿಗೆ ಇದು ಹಳೇ ಜಗಳ. ಮ್ಯಾಕ್ಸ್ ವೆಬರ್ ಕಾಲದಿಂದ ಕಚೇರಿಯ ನಿಯಮ ದೊಡ್ಡದಾ, ಅದ್ರೊಳಗಿನ ಮನುಷ್ಯ ದೊಡ್ಡವನಾ ಅಂತ ಚರ್ಚೆ ನಡೀತಾ ಬಂದು, 1984ರ ಹೊತ್ತಿಗೆ ಆಂಟನಿ ಗಿಡೆನ್ಸ್ ಎರಡನ್ನೂ ಬೇರೆ ಮಾಡ್ಲಿಕ್ಕೇ ಆಗುದಿಲ್ಲ ಅಂತ ವಾದ ಮಾಡಿದ್ರು: ಜನ ದಿನಾ ನಡ್ಕೊಳ್ಳುವ ರೀತಿಯಲ್ಲೇ ಕಟ್ಟಳೆ ಹುಟ್ಟಿ ಉಳೀತದೆ, ಅದೇ ಕಟ್ಟಳೆ ನಾಳೆ ಅವ್ರು ಎಂತ ಮಾಡ್ಬಹುದು, ಎಂತ ಮಾಡ್ಬಾರ್ದು ಅಂತ ಗೆರೆ ಎಳೀತದೆ. ಇದು ನಿಜವಾ ಅಂತ ನೋಡ್ಲಿಕ್ಕೆ ನಮ್ಮ ಕರಾವಳಿಯ ಪಿಗ್ಮಿಯ, ಅಂದ್ರೆ ದಿನಾ ಸ್ವಲ್ಪ ಸ್ವಲ್ಪ ದುಡ್ಡು ಕಟ್ಟುವ ಉಳಿತಾಯದ, ಕಥೆ ಸಾಕು.

1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬ್ರು ಮುಂದೆ ನಿಂತು ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ ಕಟ್ಟಿದ್ರು, ಅದೇ ವರ್ಷ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾದ್ದು, 1924ಕ್ಕೆ ಕರ್ಣಾಟಕ ಬ್ಯಾಂಕ್, 1931ಕ್ಕೆ ಎ.ಬಿ. ಶೆಟ್ರ ವಿಜಯಾ ಬ್ಯಾಂಕ್. ಹೆಚ್ಚಿನವಕ್ಕೆ ಹಿಂದೆ ಒಂದೊಂದು ಸಮುದಾಯದ ಬೆಂಬಲ ಇತ್ತು. ನಡುವೆ 1925ರಲ್ಲಿ ಉಡುಪಿಯಲ್ಲಿ ಡಾಕ್ಟ್ರು ಟಿ.ಎಂ.ಎ. ಪೈ, ವ್ಯಾಪಾರಿ ಉಪೇಂದ್ರ ಪೈ, ಇಂಜಿನಿಯರ್ ವಾಮನ ಕುಡ್ವ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಶುರು ಮಾಡಿದ್ದೇ ಮುಂದೆ ಸಿಂಡಿಕೇಟ್ ಬ್ಯಾಂಕಾಯ್ತು. ಕೈಮಗ್ಗದವ್ರು ಕಷ್ಟದಲ್ಲಿದ್ರು, ಅವ್ರಿಗೆ ಆಧಾರ ಆಗ್ಲಿ ಅಂತ ಮಾಡಿದ್ದು. 1928ರಲ್ಲಿ ಅವ್ರು ಪಿಗ್ಮಿ ತಂದ್ರು. ದಿನಕ್ಕೆ ಎರಡಾಣೆ ಆದ್ರೂ ಸಾಕು, ಏಜೆಂಟೇ ಮನೆಗೆ, ಅಂಗಡಿಗೆ ಬಂದು ತಗೊಂಡು ಹೋಗ್ತಾನೆ.

ಇಲ್ಲಿಂದ ಮುಂದಿನದ್ದು ಯಾವ ಸರ್ಕ್ಯುಲರಿನಲ್ಲೂ ಇರ್ಲಿಲ್ಲ. ಪಿಗ್ಮಿ ಕಲೆಕ್ಟರ್, ಅಂದ್ರೆ ದುಡ್ಡು ತಗೊಳ್ಳುವ ಆ ಏಜೆಂಟ್, ದಿನಾ ಸಂಜೆ ಅದೇ ಹೊತ್ತಿಗೆ ಬರ್ತಾನೆ ಅಂತ ಗೊತ್ತಾದ ಮೇಲೆ ಗೂಡಂಗಡಿಯವ ಗಲ್ಲಾಪೆಟ್ಟಿಗೆಯ ಮೂಲೆಯಲ್ಲಿ ಪಿಗ್ಮಿಯ ದುಡ್ಡು ಬೇರೆಯೇ ತೆಗ್ದಿಡ್ತಿದ್ದ, ಮೀನು ಮಾರುವ ಹೆಂಗಸ್ರು ಸೆರಗಿನ ಗಂಟಿಂದ ಬಿಚ್ಚಿ ಕೊಟ್ಟು ಕಾರ್ಡಲ್ಲಿ ಬರೆಸ್ಕೊಳ್ತಿದ್ರು. ಯಾರ ವ್ಯಾಪಾರ ಬಿದ್ದಿದೆ, ಯಾರ ಮನೇಲಿ ಮದುವೆ ಉಂಟು, ಎರಡು ವಾರದಿಂದ ಯಾರು "ನಾಳೆ ಬನ್ನಿ" ಅಂತಿದ್ದಾರೆ, ಎಲ್ಲ ಅವನಿಗೆ ಗೊತ್ತು. ಲೋನ್ ಕೊಡುವ ಮೊದ್ಲು ಮ್ಯಾನೇಜರ್ ಮೆಲ್ಲ ಅವನನ್ನ ಕರ್ದು "ಆ ಪಾರ್ಟಿ ಹೇಗೆ?" ಅಂತ ಕೇಳುದು ಇತ್ತು. ಪೇಪರಲ್ಲಿ ಅವನು ಕಮಿಷನ್ ಏಜೆಂಟ್ ಅಷ್ಟೇ, ಆದ್ರೆ ಒಂದು ಹೋಟೆಲ್ ಏಳುದೋ ಬೀಳುದೋ ಅನ್ನುದ್ರಲ್ಲಿ ಅವನ ಒಂದು ಮಾತಿಗೂ ತೂಕ ಇತ್ತು.

1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್, ವಿಜಯಾ ರಾಷ್ಟ್ರೀಕರಣ ಆಯ್ತು. ಅಲ್ಲಿಂದ ರೂಲ್ಸ್ ಬಿಗಿ ಆಯ್ತು ಅಂತ ಬೇಜಾರು ಮಾಡುವವ್ರು ಒಂದು ಮರೀತಾರೆ. ನಮ್ಮವ್ರು, ಗುರ್ತದವ್ರು ಅಂತ ಕೆಲಸ ಸಿಗ್ತಿದ್ದ ಜಾಗಕ್ಕೆ ಪರೀಕ್ಷೆ ಬಂತು, ಮೀಸಲಾತಿ ಬಂತು, ಶಿಫಾರಸು ಮಾಡುವವ್ರೇ ಇಲ್ಲದ ಮನೆಯ ಮಕ್ಕಳು ಕೌಂಟರಿನ ಆಚೆ ಕೂತ್ರು. ಬಿಗಿ ರೂಲ್ಸ್ ಇಲ್ದಿದ್ರೆ ಅವ್ರಿಗೆ ಆ ಕುರ್ಚಿ ಸಿಗುದು ಕಷ್ಟವೇ ಇತ್ತು. ಆದ್ರೆ ಆ ರೂಲ್ಸಿನ ಬಾಗಿಲು ಪಿಗ್ಮಿ ಕಲೆಕ್ಟರಿಗೆ ತೆರೀಲಿಲ್ಲ. ಅವನು ನೌಕರನಾ, ಹೊರಗಿನವನಾ ಅಂತ ವರ್ಷಗಟ್ಲೆ ವ್ಯಾಜ್ಯ ನಡೀತು, 1988ರಲ್ಲಿ ಹೈದರಾಬಾದಿನ ಇಂಡಸ್ಟ್ರಿಯಲ್ ಟ್ರಿಬ್ಯುನಲ್ (ಕಾರ್ಮಿಕ ವ್ಯಾಜ್ಯ ನೋಡುವ ನ್ಯಾಯಮಂಡಳಿ) ಇವ್ರು ಕಾರ್ಮಿಕರೇ ಅಂತು, ಬ್ಯಾಂಕುಗಳು ಒಪ್ಪದೆ ಮೇಲೆ ಹೋದ್ವು, ಕಡೆಗೆ 2001ರಲ್ಲಿ ಸುಪ್ರೀಂ ಕೋರ್ಟ್ ಕಮಿಷನ್ ಅಂದ್ರೂ ಅದು ಕೂಲಿಯೇ ಅಂತ ಒಪ್ಕೊಂಡಿತು. ಆದ್ರೂ ಕಾಯಂ ಸಿಬ್ಬಂದಿಯ ಸಾಲಿಗೆ ಅವ್ರು ಸೇರ್ಲಿಲ್ಲ. ಬಿಸ್ಲು ಮಳೆ ಅನ್ನದೆ ನಡ್ದು ನಡ್ದು ಆ ಬ್ಯಾಂಕಿನ ಹೆಸ್ರು ಮನೆಮನೆಗೆ ಮುಟ್ಟಿಸಿದವ್ರು, ತಾವು ಬ್ಯಾಂಕಿನವ್ರು ಅಂತ ಹೇಳ್ಲಿಕ್ಕೆ ಕೋರ್ಟಿಗೆ ಹೋಗ್ಬೇಕಾಯ್ತಲ್ಲ, ಅದು ನನಗೆ ಇವತ್ತಿಗೂ ಅರಗುದಿಲ್ಲ.

ಆಮೇಲೆ ಕಂಪ್ಯೂಟರ್ ಬಂತು, ಎಲ್ಲ ಬ್ರಾಂಚಿನ ಲೆಕ್ಕ ಒಂದೇ ಕಡೆ ಸೇರಿತು, ಸಾಲ ಹೇಗೆ ತೀರ್ಸಿದ್ದಾರೆ ಅಂತ ನೋಡಿ ಅಂಕ ಕೊಡುವ ಸಿಬಿಲ್ ಸ್ಕೋರ್ ಬಂತು. ಹೆಚ್ಚಿನ ಲೋನ್ ಅರ್ಜಿ ಈಗ ಬ್ರಾಂಚಿಂದ ಎದ್ದು ಬೇರೆ ಊರಿನ ಆಫೀಸಿಗೆ ಹೋಗ್ತದೆ, ಅಲ್ಲಿ ಕೂತವ್ರಿಗೆ ಮಲ್ಪೆಯಲ್ಲಿ ಮಳೆಗಾಲದಲ್ಲಿ ದೋಣಿ ದಡದಲ್ಲೇ ಇರ್ತದೆ, ಕಂತು ತಡ ಆಗ್ತದೆ ಅಂತ ಹೇಳುವವ್ರು ಯಾರು? ಬ್ರಾಂಚ್ ಮ್ಯಾನೇಜರಿಗೆ ಗೊತ್ತಿದ್ರೂ ಅವ್ರ ಸ್ಕ್ರೀನಲ್ಲಿ ಅದನ್ನ ಹಾಕುವ ಕಾಲಮ್ಮೇ ಇರುದಿಲ್ಲ, ಇನ್ನೇನು ಊರಿನ ಹದ ಸಿಕ್ಕಿತು ಅನ್ನುವಾಗ ಟ್ರಾನ್ಸ್‌ಫರ್. ಮುಖ ನೋಡಿ ಲೋನ್ ಕೊಡುವಾಗ ಪಕ್ಷಪಾತವೂ ಇತ್ತು, ಗುರ್ತ ಇಲ್ಲದವ್ರು ಬಾಗಿಲಲ್ಲೇ ನಿಂತದ್ದೂ ಉಂಟು, ಅದು ಹೋದದ್ದು ಒಳ್ಳೇದೇ. ಹೋಗುವಾಗ ಊರನ್ನ ಬಲ್ಲ ಜ್ಞಾನವನ್ನೂ ಎಳ್ಕೊಂಡು ಹೋಯ್ತು.

ಪಿಗ್ಮಿ ಮಾತ್ರ ಸತ್ತಿಲ್ಲ. ನಮ್ಮಲ್ಲಿ ಈಗ ಅದನ್ನ ಹೆಚ್ಚಾಗಿ ನಡೆಸುದು ಸಹಕಾರಿ ಸೊಸೈಟಿಗಳು. ಕಾರ್ಡಿನ ಬದ್ಲು ಕೈಯಲ್ಲಿ ಚೀಟಿ ಪ್ರಿಂಟ್ ಆಗುವ ಸಣ್ಣ ಮೆಷಿನ್, ಉಳ್ದದ್ದೆಲ್ಲ ಹಾಗೇ, ಅದೇ ಸಂಜೆ, ಅದೇ ಅಂಗಡಿಗಳು. ಸೊಸೈಟಿಗೆ ಸದಸ್ಯರೇ ಮಾಲೀಕರು, ವರ್ಷಕ್ಕೊಮ್ಮೆ ಮಹಾಸಭೆ ಉಂಟು, ಬೈಲಾ, ಅಂದ್ರೆ ಸೊಸೈಟಿಯ ಸ್ವಂತ ರೂಲ್ಸ್, ತಿದ್ದುವ ಅಧಿಕಾರವೂ ಅಲ್ಲೇ ಉಂಟು. ಕಲೆಕ್ಟರಿಗೆ ಕಮಿಷನ್ ಎಷ್ಟು, ಬಿದ್ದು ಕಾಲು ಮುರ್ದ್ರೆ ಎಂತ ಕೊಡ್ತೀರಿ, ಲೋನ್ ಕಮಿಟಿ ಅವನ ಮಾತು ಕೇಳ್ತದಾ ಅಂತ ಆ ಸಭೆಯಲ್ಲಿ ಯಾವ ಸದಸ್ಯನೂ ಎದ್ದು ನಿಂತು ಕೇಳ್ಬಹುದು.