ಗೋಧಿಗೆ ಕಾಲ ಗೊತ್ತಾಗುವುದು ಹೇಗೆ?

ಜವೆ ಗೋಧಿಯ ತೆನೆಯೊಂದನ್ನು ಅಂಗೈಯಲ್ಲಿಟ್ಟು ಉಜ್ಜಿ ನೋಡಿ. ಸಾಮಾನ್ಯ ಗೋಧಿಯ ಹಾಗೆ ಕಾಳು ಉದುರುವುದಿಲ್ಲ. ಸಿಪ್ಪೆ ಕಾಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಕುಟ್ಟಿಯೇ ಬಿಡಿಸಬೇಕು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆ ಇದನ್ನು ಸದಕ ಅಂತಲೂ ಕರೆಯುತ್ತಾರೆ. ಮಹಾರಾಷ್ಟ್ರದಲ್ಲಿ ಖಪ್ಲಿ. ಹುಗ್ಗಿಗೆ, ಮಾದಲಿಗೆ ಇದೇ ಆಗಬೇಕು ಅನ್ನುವವರು ಈಗಲೂ ಇದ್ದಾರೆ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಟರ್ಕಿ, ಸಿರಿಯಾದ ಸುತ್ತಮುತ್ತ ಮನುಷ್ಯ ಮೊದಮೊದಲು ಬೆಳೆದ ಗೋಧಿಗಳಲ್ಲಿ ಇದೂ ಒಂದು. ಚಳಿಗಾಲದಲ್ಲಿ ಹಿಮ ಬೀಳುವ ಸೀಮೆ ಅದು. ಅಲ್ಲಿಂದ ಹೊರಟ ಪೈರು ನಮ್ಮ ಎರೆಭೂಮಿಯ ಹಿಂಗಾರಿ ಬೆಳೆ ಆದದ್ದು ಹೇಗೆ?

ಇಳುವರಿ, ಕಾಳಿನ ಗಾತ್ರ ಎಲ್ಲ ಆಮೇಲಿನ ಮಾತು. ಗೋಧಿಗೆ ಮೊದಲು ಬೇಕಾದದ್ದು ಸಮಯದ ಅರಿವು. ತೆನೆ ಯಾವಾಗ ಬಿಡಬೇಕು ಅಂತ ಅದಕ್ಕೆ ಗೊತ್ತಿರಬೇಕು.

ಕಾಡು ಗೋಧಿ ಮಳೆಗಾಲ ಶುರುವಾದಾಗ ಮೊಳೆತು, ಚಳಿಗಾಲ ಪೂರ್ತಿ ಹುಲ್ಲಿನ ಹಾಗೆ ನೆಲಕ್ಕಂಟಿಕೊಂಡು ಕಾಯುತ್ತದೆ. ಕೆಲವು ವಾರ ಗಟ್ಟಿ ಚಳಿ ತಿನ್ನಬೇಕು, ಆಮೇಲೆ ಹಗಲು ಉದ್ದವಾಗಬೇಕು. ಅಷ್ಟಾದರೆ ಮಾತ್ರ ತೆನೆ. ಹಿಮ ಬೀಳುವಾಗ ಹೂ ಬಿಟ್ಟರೆ ಕಾಳು ಕಟ್ಟುವುದಿಲ್ಲ, ಅಲ್ವಾ? ಹಾಗಾಗಿ ತೆನೆ ಬಿಡಿಸುವ ವಿಆರ್‌ಎನ್-1 ಅನ್ನುವ ಜೀನ್‌ಗೆ ಒಂದು ಬೀಗ ಇದೆ. ಚಳಿಯೇ ಅದರ ಕೀಲಿ.

ಇಂಥ ಗೋಧಿಯನ್ನು ಧಾರವಾಡದಲ್ಲಿ ಬಿತ್ತಿದರೆ ಏನಾಗುತ್ತದೆ? ಅಷ್ಟು ಚಳಿ ಇಲ್ಲಿ ಬೀಳುವುದೇ ಇಲ್ಲ. ಡಿಸೆಂಬರಿನ ಹಗಲೂ ಗಿಡ್ಡ. ಪೈರು ಸುಮ್ನೆ ಹುಲ್ಲಾಗಿಯೇ ಉಳಿದು, ಬೇಸಿಗೆ ಬಂದ ಕೂಡಲೇ ಒಣಗುತ್ತದೆ. ಆದರೆ ಡಿಎನ್‌ಎ ನಕಲಾಗುವಾಗ ಒಮ್ಮೊಮ್ಮೆ ತುಣುಕುಗಳು ಕಳೆದುಹೋಗುತ್ತವೆ. ಎಲ್ಲೋ ಒಂದು ಗಿಡದಲ್ಲಿ ಆ ಬೀಗವೇ ಕಳಚಿಹೋಯಿತು. ಅದು ಚಳಿಗೆ ಕಾಯದೆ ತೆನೆ ಬಿಟ್ಟಿತು. ಸಾಮಾನ್ಯ ಗೋಧಿಯ ಪಿಪಿಡಿ-ಡಿ1 ಅನ್ನುವ ಇನ್ನೊಂದು ಜೀನ್ ಹತ್ತಿರ ಡಿಎನ್‌ಎಯ 2,089 ಅಕ್ಷರಗಳು ಅಳಿಸಿಹೋದವು. ಆಗ ಪೈರು ಹಗಲಿನ ಉದ್ದವನ್ನು ಲೆಕ್ಕಿಸುವುದನ್ನೂ ಬಿಟ್ಟಿತು. ಉಳಿದದ್ದು ರೈತರ ಕೆಲಸ. ಬೇಸಿಗೆಯ ಬಿಸಿಲಿಗೆ ಮೊದಲೇ ಕಾಳು ತುಂಬಿದ ಗಿಡದ ಬೀಜ ಮುಂದಿನ ವರ್ಷದ ಬಿತ್ತನೆಗೆ ಹೋಯಿತು, ತಡಮಾಡಿದ್ದು ಜೊಳ್ಳಾಯಿತು. ನೂರಾರು ತಲೆಮಾರು ಇದೇ ನಡೆಯಿತು. ಜೀನ್ ಎಂಬ ಪದ ಹುಟ್ಟುವುದಕ್ಕೆ ಎಷ್ಟೋ ಮೊದಲು ನಡೆದ ಕೆಲಸ ಇದು.

ಈ ಕೆಲಸದ ಫಲ ದೂರದ ಕೆನಡಾಕ್ಕೂ ಸಿಕ್ಕಿತು. 19ನೇ ಶತಮಾನದಲ್ಲಿ ಅಲ್ಲಿ ರೆಡ್ ಫೈಫ್ ಎಂಬ ಒಳ್ಳೆಯ ಗೋಧಿ ಇತ್ತು. ಆದರೆ ಹಣ್ಣಾಗುವುದು ತಡ, ಎಷ್ಟೋ ವರ್ಷ ಹಿಮಕ್ಕೆ ಸಿಕ್ಕಿ ಹಾಳಾಗುತ್ತಿತ್ತು. 1892ರಲ್ಲಿ ಅದನ್ನು ಭಾರತದ ಬೇಗ ಮಾಗುವ ಹಾರ್ಡ್ ರೆಡ್ ಕಲ್ಕತ್ತಾ ಗೋಧಿಯ ಜೊತೆ ಕೂಡಿಸಿದರು. ಮುಂದೆ ಅಲ್ಲಿನ ತಳಿ ವಿಜ್ಞಾನಿ ಚಾರ್ಲ್ಸ್ ಸಾಂಡರ್ಸ್ ಆ ಸಂತತಿಯ ಒಂದೊಂದು ಗಿಡದ ಕಾಳನ್ನೂ ಬಾಯಲ್ಲಿ ಅಗಿದು, ಅಂಟು ಎಷ್ಟಿದೆ ಅಂತ ನೋಡಿ ಆರಿಸಿದರು. ಹಾಗೆ ಬಂದದ್ದು ಮಾರ್ಕ್ವಿಸ್. ರೆಡ್ ಫೈಫ್‌ಗಿಂತ ಒಂದು ವಾರದಷ್ಟು ಮೊದಲೇ ಕೊಯ್ಲು. ಆ ಒಂದು ವಾರದಿಂದ ಪಶ್ಚಿಮ ಕೆನಡಾದ ಬಯಲು ಗೋಧಿಯ ಕಣಜವಾಯಿತು. ನಮ್ಮ ಬಿಸಿಲಿಗೆ ಹೆದರಿ ಕಲಿತ ಅವಸರ ಅಲ್ಲಿ ಹಿಮದಿಂದ ಕಾಪಾಡಿತು. ಇದು ನನಗೆ ಈಗಲೂ ಮೈ ಜುಮ್ಮೆನಿಸುವ ಸಂಗತಿ.

ಆಮೇಲೆ ಅಮೆರಿಕದ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ ಬಂದರು. ಮೆಕ್ಸಿಕೋದ ಸೊನೋರಾ ಬಯಲಿನಲ್ಲಿ ಒಂದು ಬೆಳೆ, ಟೊಲುಕಾದ ಎತ್ತರದಲ್ಲಿ ಇನ್ನೊಂದು, ಹೀಗೆ ವರ್ಷಕ್ಕೆ ಎರಡು. ಅವರಿಗೆ ಬೇಕಿದ್ದದ್ದು ಸಮಯದ ಉಳಿತಾಯ. ಆದರೆ ಎರಡೂ ಕಡೆ ಗೆದ್ದು ಬಂದದ್ದು ಹಗಲಿನ ಉದ್ದ ಕೇಳದ ಗಿಡಗಳು. ಅವು ಎಲ್ಲಿ ಬೇಕಾದರೂ ಬೆಳೆದವು. 1966ರಲ್ಲಿ ಭಾರತ ಅಂಥ ಗಿಡ್ಡ ತಳಿಗಳ 18,000 ಟನ್ ಬೀಜ ತರಿಸಿತು. ಹೊಟ್ಟೆ ತುಂಬಿತು, ಅದನ್ನು ಮರೆಯಬಾರದು. ಆದರೆ ಊರೂರಿನ ಗೋಧಿ ಮೂಲೆ ಸೇರಿತು.

ಎಷ್ಟು ಕಳೆದುಕೊಂಡೆವು ಅನ್ನುವುದು ಸ್ಪಷ್ಟವಾದದ್ದು ತೀರಾ ಈಚೆಗೆ. 1920-30ರ ದಶಕಗಳಲ್ಲಿ ಕೇಂಬ್ರಿಡ್ಜ್‌ನ ಸಸ್ಯವಿಜ್ಞಾನಿ ಆರ್ಥರ್ ವಾಟ್ಕಿನ್ಸ್ 32 ದೇಶಗಳಿಂದ ನಾಟಿ ಗೋಧಿಗಳನ್ನು ತರಿಸಿದ್ದರು. ಭಾರತದವೂ ಅದರಲ್ಲಿವೆ. ಅವುಗಳಲ್ಲಿ 827 ತಳಿಗಳ ಡಿಎನ್‌ಎ ಓದಿದ ಫಲಿತಾಂಶ 2024ರಲ್ಲಿ ಬಂತು. ಅವು ಏಳು ಮೂಲ ಗುಂಪುಗಳಿಗೆ ಸೇರುತ್ತವೆ. ಇಂದಿನ ತಳಿಗಳು ನಿಂತಿರುವುದು ಮುಖ್ಯವಾಗಿ ಎರಡರ ಮೇಲೆ. ಉಳಿದ ಐದು ಗುಂಪು ಕಲಿತದ್ದು ಹೆಚ್ಚುಕಡಿಮೆ ಹಾಗೇ ಬಿದ್ದಿದೆ.

ಹವೆಗೆ ಹೊಂದಿಕೊಳ್ಳುವುದೆಂದರೆ ಆ ಹವೆಯಲ್ಲಿ ಬರುವ ರೋಗಕ್ಕೂ ಹೊಂದಿಕೊಳ್ಳುವುದೇ. ಕಾಂಡದ ತುಕ್ಕು ರೋಗ ಬಂದ ಪೈರನ್ನು ಮುಟ್ಟಿದರೆ ಬೆರಳಿಗೆ ಕಂದುಗೆಂಪು ಪುಡಿ ಅಂಟುತ್ತದೆ. ಬಯಲಿನ ಬೇಸಿಗೆಯಲ್ಲಿ ಈ ರೋಗ ಉಳಿಯುವುದಿಲ್ಲ. ಅದು ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದು, ಗಾಳಿಯಲ್ಲಿ ಮತ್ತೆ ಬಯಲಿಗೆ ಬರುತ್ತದೆ. ಆಗ್ರಾದ ಸಸ್ಯರೋಗ ವಿಜ್ಞಾನಿ ಕೆ.ಸಿ. ಮೆಹ್ತಾ ಇದನ್ನು ಕಂಡುಹಿಡಿದರು. ಅಂದರೆ ದಕ್ಷಿಣದ ಗೋಧಿಗೆ ಇದು ಪಕ್ಕದ ಮನೆಯ ಶತ್ರು. ಭಾರತದಿಂದ ಅಮೆರಿಕಕ್ಕೆ ಹೋದ ಖಪ್ಲಿಗೆ ಈ ರೋಗ ತಡೆಯುವ ಶಕ್ತಿ ಎಷ್ಟಿತ್ತೆಂದರೆ, ತುಕ್ಕಿನ ಬಗೆಗಳನ್ನು ಗುರುತಿಸಲು ಬಳಸುತ್ತಿದ್ದ 12 ಗೋಧಿಗಳಲ್ಲಿ ಅದೂ ಒಂದಾಯಿತು. ಖಪ್ಲಿಯಲ್ಲಿರುವ ಎಸ್‌ಆರ್13 ಜೀನ್ ಸೆಕೆ ಜಾಸ್ತಿ ಆದಷ್ಟೂ ಚುರುಕಾಗಿ ಕೆಲಸ ಮಾಡುತ್ತದೆ. ಉಗಾಂಡಾದಲ್ಲಿ ಕಾಣಿಸಿಕೊಂಡು ಜಗತ್ತನ್ನೇ ಹೆದರಿಸಿದ ಯುಜಿ99 ತುಕ್ಕನ್ನೂ ಅದು ತಡೆಯುತ್ತದೆ.

ಹಳೆಯ ಸದಕಕ್ಕೆ ಒಂದು ತೊಂದರೆ ಇತ್ತು. ಎತ್ತರ ಬೆಳೆದು, ಗಾಳಿಗೆ ನೆಲಕ್ಕೆ ಮಲಗಿಬಿಡುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ-1025, ಡಿಡಿಕೆ-1029 ಅನ್ನುವ ಗಿಡ್ಡ ತಳಿಗಳನ್ನು ಕೊಟ್ಟಿದೆ. ಅವು ಮಲಗುವುದು ಕಡಿಮೆ. ಆದರೆ ಸಿಪ್ಪೆ ಹಳೆಯದರ ಹಾಗೇ ಬಿಗಿ. ಹುಗ್ಗಿ ಮಾಡಬೇಕಾದರೆ ಈಗಲೂ ಕುಟ್ಟಿಸಲೇಬೇಕು.