ಲೋಡ್ ಕಡಿಮೆಯಾದರೆ ಎಂಜಿನ್‌ಗೆ ವಿಶ್ರಾಂತಿಯಲ್ಲ

ಡೀಸೆಲ್ ಎಂಜಿನ್ ನಡೆಸುವವರು ಓವರ್‌ಲೋಡ್‌ಗೆ ಹೆದರುತ್ತಾರೆ. ಹೆದರಲೇಬೇಕು. ಆದರೆ ಲೋಡ್ ಸಾಲದಿರುವುದಕ್ಕೂ ಅಷ್ಟೇ ಹೆದರಬೇಕು ಎಂದರೆ ಬಹಳ ಮಂದಿ ನಂಬುವುದಿಲ್ಲ. ದೊಡ್ಡ ಜನರೇಟರ್ ತಂದಿಟ್ಟು ಅದರ ಕಾಲು ಭಾಗದಷ್ಟನ್ನೂ ಬಳಸದೆ, 'ಎಂಜಿನ್ ಆರಾಮಾಗಿ ಓಡುತ್ತಿದೆ' ಎಂದುಕೊಳ್ಳುವುದನ್ನು ನಾನು ಹೋದಲ್ಲೆಲ್ಲ ಕಾಣುತ್ತೇನೆ.

ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಹದಿನೈದು-ಇಪ್ಪತ್ತು ಪಟ್ಟು ಅದುಮಿದಾಗ ಅದು 500 ಡಿಗ್ರಿಗೂ ಮೇಲೆ ಕಾಯುತ್ತದೆ, ಆ ಶಾಖಕ್ಕೇ ಇಂಧನ ಹೊತ್ತಿಕೊಳ್ಳುತ್ತದೆ. ಲೋಡ್ ಶೇ. 30ಕ್ಕಿಂತ ಕೆಳಗೆ ಗಂಟೆಗಟ್ಟಲೆ ಇದ್ದರೆ ಸಿಲಿಂಡರ್ ಬೇಕಾದಷ್ಟು ಕಾಯುವುದಿಲ್ಲ. ಇಂಧನ ಪೂರ್ತಿ ಉರಿಯುವುದಿಲ್ಲ. ಪಿಸ್ಟನ್ ರಿಂಗುಗಳನ್ನು ಲೈನರ್‌ಗೆ (ಸಿಲಿಂಡರ್‌ನ ಒಳಗೋಡೆಗೆ) ಒತ್ತಿ ಹಿಡಿಯುವುದು ಬಹುಪಾಲು ಅನಿಲದ ಒತ್ತಡವೇ. ಅದು ತಗ್ಗಿದರೆ ರಿಂಗ್ ಬಿಗಿಯಾಗಿ ಕೂರದು. ಉರಿಯದ ಡೀಸೆಲ್ ಕೆಳಗೆ ಸಂಪ್‌ಗೆ, ಅಂದರೆ ಆಯಿಲ್ ತೊಟ್ಟಿಗೆ, ಜಾರುತ್ತದೆ, ಆಯಿಲ್ ಮೇಲಕ್ಕೆ ಬಂದು ಸುಟ್ಟು ಕರಿ ಹಿಡಿಯುತ್ತದೆ. ಲೈನರ್‌ನಲ್ಲಿ ಆಯಿಲ್ ಹಿಡಿದಿಡಲೆಂದೇ ಕೊರೆದ ಅಡ್ಡಗೀರುಗಳ ಮೇಲೆ ಮೆರುಗಿನ ಪದರ ಕೂರುತ್ತದೆ. ಎಕ್ಸಾಸ್ಟ್ ಜಾಯಿಂಟ್‌ಗಳಲ್ಲಿ ಅಂಟಂಟಾದ ಕಪ್ಪು ದ್ರವ ಜಿನುಗುತ್ತಿದ್ದರೆ ಒಳಗೆ ಇದೇ ನಡೆಯುತ್ತಿದೆ ಎಂದರ್ಥ. ಆರಂಭದಲ್ಲೇ ಕಂಡುಕೊಂಡರೆ ಲೋಡನ್ನು ಹಂತಹಂತವಾಗಿ ಶೇ. 75ರವರೆಗೆ ಏರಿಸಿ ಕೆಲವು ಗಂಟೆ ಓಡಿಸಿದರೆ ಸುಧಾರಿಸುತ್ತದೆ. ಸ್ವಂತ ಲೋಡ್ ಸಾಲದಿದ್ದರೆ ಕೃತಕ ಲೋಡ್ ಕೊಡುವ ಲೋಡ್ ಬ್ಯಾಂಕ್ ಜೋಡಿಸಿ. ಮೆರುಗು ಗಟ್ಟಿಯಾಗಿ ಕೂತ ಮೇಲೆ ಲೈನರ್ ಬಿಚ್ಚಿ ಹೋನಿಂಗ್ ಮಾಡದೆ (ಆ ಗೀರುಗಳನ್ನು ಮತ್ತೆ ಕೊರೆಯದೆ) ಗತ್ಯಂತರವಿಲ್ಲ.

ಇಂಧನದ ಲೆಕ್ಕದಲ್ಲೂ ಇದು ನಷ್ಟವೇ. ಮುಕ್ಕಾಲು ಲೋಡ್‌ನಲ್ಲಿ ಒಳ್ಳೆಯ ಎಂಜಿನ್ ಪ್ರತಿ ಕಿಲೋವ್ಯಾಟ್ ಗಂಟೆಗೆ ಸುಮಾರು 200ರಿಂದ 220 ಗ್ರಾಂ ಡೀಸೆಲ್ ಕುಡಿಯುತ್ತದೆ. ಜನರೇಟರ್‌ನ ನಷ್ಟವನ್ನೂ ಕಳೆದರೆ ಲೀಟರಿಗೆ ಮೂರೂವರೆ ಯೂನಿಟ್‌ಗಿಂತ ಹೆಚ್ಚೇ ಕೈಗೆ ಬರಬೇಕು. ಲೋಡ್ ಇಳಿದರೂ ಘರ್ಷಣೆ, ಫ್ಯಾನ್, ವಾಟರ್ ಪಂಪ್ ತಮ್ಮ ಪಾಲನ್ನು ಅಷ್ಟಾಗಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಯೂನಿಟ್ ಒಂದಕ್ಕೆ ಬೀಳುವ ಡೀಸೆಲ್ ಏರುತ್ತದೆ. ಬೇಡಿಕೆ ದಿನವಿಡೀ ಏರಿಳಿಯುವ ಕಡೆ ಒಂದು ದೊಡ್ಡದಕ್ಕಿಂತ ಎರಡು ಸಣ್ಣ ಎಂಜಿನ್ ಮೇಲು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಲೀಟರಿಗೆ ಎಷ್ಟು ಯೂನಿಟ್ ಎಂಬ ಒಂದು ಸಂಖ್ಯೆಯನ್ನು ಪ್ರತಿದಿನ ಬರೆದಿಡಿ. ಲೋಡ್ ಅಷ್ಟೇ ಇದ್ದು ಆ ಸಂಖ್ಯೆ ಕುಸಿದರೆ ಮೊದಲು ಏರ್ ಫಿಲ್ಟರ್ ನೋಡಿ, ಆಮೇಲೆ ಇಂಜೆಕ್ಟರ್.

ಇನ್ನು ಸಂಪ್‌ಗೆ ಜಾರಿದ ಆ ಡೀಸೆಲ್. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಡಿಮೆಯಾದರೆ ಎಲ್ಲರೂ ಎಚ್ಚರಗೊಳ್ಳುತ್ತಾರೆ, ಏರಿದರೆ ಯಾರೂ ಗಮನಿಸುವುದಿಲ್ಲ. ಯಾರೂ ಆಯಿಲ್ ಸುರಿಯದೆ ಮಟ್ಟ ಏರಿದೆ ಎಂದರೆ ಡೀಸೆಲ್ಲೋ ಕೂಲೆಂಟೋ ಸೇರಿದೆ. ಇದಕ್ಕಿಂತ ಮೋಸದ್ದು ಮಟ್ಟ ಕದಲದೇ ಇರುವುದು: ಸುಟ್ಟುಹೋದ ಆಯಿಲ್‌ನ ಜಾಗವನ್ನು ಡೀಸೆಲ್ ತುಂಬಿರಬಹುದು. ಬೆರಳ ನಡುವೆ ಉಜ್ಜಿ, ತೆಳುವಾಗಿದೆಯೇ ನೋಡಿ. ಮೂಸಿ ನೋಡಿ. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟು ಕೆಲವು ಗಂಟೆ ಬಿಡಿ. ನಡುವೆ ಮಸಿಯ ಕಪ್ಪು ಚುಕ್ಕೆ, ಅದರಾಚೆಗೆ ತೆಳು ಬಣ್ಣದ ಅಗಲ ಉಂಗುರ ಹರಡಿದರೆ ಡೀಸೆಲ್ ಬೆರೆತಿರುವ ಸಂಶಯ ಬಲವಾಗುತ್ತದೆ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಸಂಶಯ ಬಂದರೆ ಸ್ಯಾಂಪಲ್ ಅನ್ನು ಲ್ಯಾಬ್‌ಗೆ ಕಳಿಸಿ.

ಡೀಸೆಲ್ ಬೆರೆತ ಆಯಿಲ್‌ನಿಂದ ಎರಡು ಅಪಾಯ ಹುಟ್ಟುತ್ತವೆ, ಎರಡೂ ಜೀವಕ್ಕೆ ಕುತ್ತು ತರುವಂಥವು.

ಒಂದು, ರನ್‌ಅವೇ. ಸಂಪ್ ಉಕ್ಕುವಷ್ಟು ತುಂಬಿದರೆ ಆಯಿಲ್, ಒಳಗಿನ ಅನಿಲ ಹೊರಬಿಡುವ ಬ್ರೀದರ್ ಕೊಳವೆಯ ಮೂಲಕ ಇನ್‌ಟೇಕ್ (ಗಾಳಿ ಒಳಹೋಗುವ ದಾರಿ) ಸೇರಬಹುದು. ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಭಾಗ) ಸೀಲ್ ಹೋದಾಗಲೂ, ಹತ್ತಿರ ಸೋರಿದ ಉರಿಯಬಲ್ಲ ಅನಿಲ ಇನ್‌ಟೇಕ್ ಸೇರಿದಾಗಲೂ ರನ್‌ಅವೇ ಆಗಬಹುದು. ಆಗ ಎಂಜಿನ್‌ಗೆ ನೀವು ಕೊಡುವ ಡೀಸೆಲ್ ಬೇಕಿಲ್ಲ, ಕೀ ತಿರುಗಿಸಿದರೂ ನಿಲ್ಲದೆ ವೇಗ ಏರುತ್ತಲೇ ಹೋಗುತ್ತದೆ. ಗಾಳಿ ಕತ್ತರಿಸಿದರೆ ಮಾತ್ರ ನಿಲ್ಲುತ್ತದೆ. ಆದ್ದರಿಂದ ಇನ್‌ಟೇಕ್‌ನಲ್ಲಿ ಏರ್ ಶಟ್‌ಆಫ್ ವಾಲ್ವ್ ಇರಬೇಕು, ಅದು ಮುಚ್ಚುತ್ತದೆ ಎಂದು ಕಾಲಕಾಲಕ್ಕೆ ಪರೀಕ್ಷಿಸಿರಬೇಕು. ಕೈಯಿಂದಲೋ ಬಟ್ಟೆಯಿಂದಲೋ ಇನ್‌ಟೇಕ್ ಮುಚ್ಚಲು ಯಾರೂ ಹೋಗಬಾರದು. ಫ್ಲೈವೀಲ್‌ನ ಸಾಲಿನಲ್ಲಿ ನಿಲ್ಲಬಾರದು.

ಎರಡು, ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ತಿರುಗುವ ಕೆಳಪೆಟ್ಟಿಗೆ) ಸ್ಫೋಟ. ತೆಳುವಾದ ಆಯಿಲ್ ಬೇರಿಂಗ್‌ನಲ್ಲಿ ಪದರ ಹಿಡಿಯದೆ ಲೋಹಕ್ಕೆ ಲೋಹ ಉಜ್ಜಿ ಕಾಯುತ್ತದೆ. ಆ ಬಿಸಿಗೆ ಆಯಿಲ್ ಆವಿಯಾಗಿ, ಮತ್ತೆ ತಣಿದು ಬಿಳಿ ಮಂಜಿನಂತೆ ತುಂಬಿಕೊಳ್ಳುತ್ತದೆ. ಅದೇ ಬಿಸಿ ಜಾಗಕ್ಕೆ ತಗುಲಿ ಆ ಮಂಜು ಸ್ಫೋಟಿಸಬಹುದು. ಡೀಸೆಲ್ ಬೆರೆತಿದ್ದರೆ ಹೊತ್ತಿಕೊಳ್ಳುವ ಉಷ್ಣತೆಯೂ ಕೆಳಗಿಳಿದಿರುತ್ತದೆ. 1947ರಲ್ಲಿ 'ರೀನಾ ಡೆಲ್ ಪೆಸಿಫಿಕೊ' ಹಡಗಿನ ಪರೀಕ್ಷಾ ಯಾನದಲ್ಲಿ ಕ್ರ್ಯಾಂಕ್‌ಕೇಸ್‌ಗಳು ಸ್ಫೋಟಿಸಿ 28 ಮಂದಿ ಸತ್ತರು. ದೊಡ್ಡ ಎಂಜಿನ್‌ಗಳ ಕ್ರ್ಯಾಂಕ್‌ಕೇಸ್ ಬಾಗಿಲುಗಳಲ್ಲಿ ಕಾಣುವ ರಿಲೀಫ್ ವಾಲ್ವ್ ಇಂಥ ಸ್ಫೋಟದ ಒತ್ತಡವನ್ನು ಹೊರಬಿಡಲೆಂದೇ ಇರುವುದು. ಅದಕ್ಕೆ ಬಣ್ಣ ಬಳಿದು ಅಂಟಿಸುವುದು, ಅದರೆದುರು ಸಾಮಾನು ಒಟ್ಟುವುದು ಎರಡೂ ತಪ್ಪು.

ಉಳಿದ ಕೆಲವನ್ನು ಚುಟುಕಾಗಿ ಹೇಳುತ್ತೇನೆ. ನಿಲ್ಲಿಸುವ ಮುನ್ನ ಮೂರರಿಂದ ಐದು ನಿಮಿಷ ಲೋಡ್ ಇಲ್ಲದೆ ಓಡಿಸಿ. ಎಂಜಿನ್ ನಿಂತೊಡನೆ ಆಯಿಲ್ ಪಂಪೂ ನಿಲ್ಲುತ್ತದೆ, ಕಾದ ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕರಕಾಗುತ್ತದೆ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಇಂಜೆಕ್ಟರ್ ಪೈಪ್‌ನ ಸೋರಿಕೆಯನ್ನು ಕೈಯಿಂದ ಹುಡುಕಲೇಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಎಕ್ಸಾಸ್ಟ್‌ನ ಲ್ಯಾಗಿಂಗ್ (ಶಾಖ ತಡೆಯುವ ಹೊದಿಕೆ) ಕಿತ್ತಿದ್ದರೆ ಅವತ್ತೇ ಸರಿಪಡಿಸಿ, ಸೋರಿದ ಇಂಧನ ಅದರ ಮೇಲೆ ಬಿದ್ದರೆ ಬೆಂಕಿ ಹತ್ತಲು ಬೇರೇನೂ ಬೇಡ.

ಕ್ರ್ಯಾಂಕ್‌ಕೇಸ್‌ನ ಆ ಮಂಜನ್ನು ಗುರುತಿಸುವ ಆಯಿಲ್ ಮಿಸ್ಟ್ ಅಲಾರಂ ಬಂದರೆ, ಅಥವಾ ಕ್ರ್ಯಾಂಕ್‌ಕೇಸ್ ಬಳಿ ಕಮಟು ವಾಸನೆ ಬಂದು ಹೊರಮೈ ಅತಿಯಾಗಿ ಕಾದರೆ, ಎಂಜಿನ್ ನಿಲ್ಲಿಸಿ ಎಲ್ಲರೂ ದೂರ ಸರಿಯಿರಿ. ಬಾಗಿಲು ತೆರೆಯುವ ಆತುರ ಬೇಡ. ಬಿಸಿ ಇನ್ನೂ ಇರುವಾಗ ತೆರೆದರೆ ಒಳಗಿನ ಮಂಜಿಗೆ ಬೇಕಾದ ಗಾಳಿಯನ್ನು ನೀವೇ ಕೊಟ್ಟಂತೆ. ಕನಿಷ್ಠ 20 ನಿಮಿಷ, ತಯಾರಕರ ಕೈಪಿಡಿ ಇನ್ನೂ ಹೆಚ್ಚು ಹೇಳಿದರೆ ಅಷ್ಟು ಹೊತ್ತು ಕಾಯಿರಿ. ತೆರೆದ ಮೇಲೆ ಬೇರಿಂಗ್‌ಗಳ ಕೆಳಗೆ ಲೋಹದ ಚೂರು ಬಿದ್ದಿದೆಯೇ, ಕಬ್ಬಿಣ ನೀಲಿಗಟ್ಟಿದೆಯೇ ಎಂದು ಒಂದೊಂದನ್ನೂ ನೋಡಿ. ಕಾರಣ ಕೈಗೆ ಸಿಗುವವರೆಗೆ ಸ್ಟಾರ್ಟ್ ಮಾಡಬೇಡಿ.