ಕುರ್ಚಿಯ ಬಾಗು, ಮರದ ನಾರು

ನಮ್ಮ ಮನೆಯ ಹಳೇ ಕುರ್ಚಿಯ ಕೈ ಒಂದು ದಿನ ಮುರಿಯಿತು. ಯಾರೂ ಅದರ ಮೇಲೆ ಹತ್ತಿ ನಿಂತಿರಲಿಲ್ಲ. ಸುಮ್ನೆ ಕೈಯೂರಿ ಎದ್ದಿದ್ದಷ್ಟೇ. ಮುರಿದ ಜಾಗದಲ್ಲಿ ಒಂದು ಸಿಬಿರೂ ಎದ್ದಿರಲಿಲ್ಲ, ಬಿಸ್ಕತ್ತು ಮುರಿದ ಹಾಗಿತ್ತು. ಶಿಲ್ಪದಂತೆ ಬಳುಕುವ ಕುರ್ಚಿ ಮಾಡುವವರ ಕೆಲಸ ಎಷ್ಟು ಕಷ್ಟದ್ದು ಅಂತ ನನಗೆ ತಿಳಿದಿದ್ದು ಆ ತುಂಡನ್ನು ಕೈಯಲ್ಲಿ ಹಿಡಿದಾಗ.

ಮರ ಅಂದರೆ ಒತ್ತೊತ್ತಾಗಿ ನಿಲ್ಲಿಸಿದ ಸಣ್ಣ ಕೊಳವೆಗಳ ಕಟ್ಟು. ನಾರು ಅನ್ನುವುದು ಈ ಕೊಳವೆಗಳನ್ನೇ. ಕೊಳವೆಗೆ ಗಟ್ಟಿತನ ಕೊಡುವುದು ಸೆಲ್ಯುಲೋಸ್. ಕೊಳವೆಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವುದು ಲಿಗ್ನಿನ್. ಉದ್ದಕ್ಕೆ ಎಳೆದರೆ ಈ ಕಟ್ಟು ಜಪ್ಪಯ್ಯ ಅನ್ನುವುದಿಲ್ಲ. ಅಡ್ಡಕ್ಕೆ ಎಳೆದರೆ ಸೀಳಿಬಿಡುತ್ತದೆ. ಸೌದೆ ಒಡೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ ಅಲ್ವಾ?

ನೇರ ಹಲಗೆಯಿಂದ ಬಿಲ್ಲಿನಂಥ ಕೈಯನ್ನು ಗರಗಸದಲ್ಲಿ ಕೊಯ್ದರೆ ಆಕಾರ ಬಾಗುತ್ತದೆ, ಆದರೆ ನಾರು ನೇರವಾಗಿಯೇ ಉಳಿಯುತ್ತದೆ. ಬಾಗು ಜಾಸ್ತಿ ಇರುವ ಕಡೆ ಒಂದು ನಾರೂ ಈ ತುದಿಯಿಂದ ಆ ತುದಿಗೆ ಮುಟ್ಟುವುದಿಲ್ಲ. ಅಲ್ಲಿ ಹಿಡಿದಿರುವುದು ಬರೀ ಲಿಗ್ನಿನ್. ನಮ್ಮ ಕುರ್ಚಿ ಸೋತಿದ್ದೂ ಅಲ್ಲೇ.

ಹಾಗಾದರೆ ನಾರನ್ನೇ ಬಗ್ಗಿಸಬಹುದಾ? ಬಗ್ಗಿಸಬಹುದು, ಹಬೆಯಿಂದ. ಒದ್ದೆ ಮರ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿಯಾದಾಗ ಲಿಗ್ನಿನ್ ಮೆತ್ತಗಾಗುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ಗಂಟೆ ಹಬೆ ಎನ್ನುವುದು ಮರಗೆಲಸದವರ ಲೆಕ್ಕ. ಮೆತ್ತಗಾದ ಮರವನ್ನು ಒತ್ತಿ ಕುಗ್ಗಿಸಬಹುದು, ಆದರೆ ಹಿಗ್ಗಿಸಲು ಹೋದರೆ ನೂರಕ್ಕೆ ಒಂದೆರಡು ಪಾಲು ಹಿಗ್ಗಿದೊಡನೆ ಹರಿಯುತ್ತದೆ. ಅದಕ್ಕೇ ಬಾಗಿನ ಹೊರಮೈಗೆ ಲೋಹದ ಪಟ್ಟಿ ಬಿಗಿಯುತ್ತಾರೆ. ಆಗ ಹೊರಗೆ ಹಿಗ್ಗದೆ ಒಳಗೆ ಮಾತ್ರ ಕುಗ್ಗುತ್ತದೆ. ಕುರ್ಚಿ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿ ಹೀಗೇ ಬೀಚ್ ಮರದ ಕೋಲುಗಳನ್ನು ಬಗ್ಗಿಸಿ ಮಾಡಿದ್ದು.

ನನಗೆ ಇದಕ್ಕಿಂತ ಇಷ್ಟವಾಗುವುದು ಇನ್ನೊಂದು ದಾರಿ. ಒಂದು ದಪ್ಪ ಪುಸ್ತಕ ತೆಗೆದುಕೊಂಡು ಬಗ್ಗಿಸಿ, ಅಂಚನ್ನು ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಾಗಿರುತ್ತವೆ. ಜಾರುವುದರಿಂದಲೇ ಅದು ಬಾಗುತ್ತದೆ. ಆ ಹೊತ್ತಿಗೆ ಹಾಳೆಗಳ ನಡುವೆ ಅಂಟು ಹಾಕಿ ಒಣಗಿಸಿದರೆ? ಇನ್ನು ಜಾರಲು ಆಗದು, ಬಾಗು ಹಾಗೇ ನಿಲ್ಲುತ್ತದೆ. ಮರದ ಪಟ್ಟಿಯ ದಪ್ಪ ಅರ್ಧವಾದರೆ ಬಗ್ಗಿಸಲು ಎಂಟನೇ ಒಂದು ಭಾಗ ಬಲ ಸಾಕು. ಹೀಗೆ ತೆಳು ಪಟ್ಟಿಗಳನ್ನು ಅಚ್ಚಿನ ಮೇಲೆ ಅಂಟಿಸಿ ಬಿಗಿದರೆ, ಪ್ರತಿ ನಾರೂ ಬಾಗಿನ ಜೊತೆಗೇ ತುದಿಯಿಂದ ತುದಿಗೆ ಓಡುತ್ತದೆ.

ಅಮೆರಿಕದ ಮರಗೆಲಸಗಾರ ಸ್ಯಾಮ್ ಮಲೂಫ್ (1916–2009) ಅವರ ತೂಗುಕುರ್ಚಿಯಲ್ಲಿ ನೆಲಕ್ಕೆ ತಾಗುವ ಬಾಗಿದ ತೂಗುಪಟ್ಟಿಗಳು ಇಂಥವೇ. ಉಳಿದ ಭಾಗಗಳನ್ನು ಅವರು ಯಂತ್ರದ ಗರಗಸಕ್ಕೆ ಬರಿಗೈಯಲ್ಲೇ ಹಿಡಿದು ತಿರುಗಿಸುತ್ತಾ ಕೊಯ್ಯುತ್ತಿದ್ದರು. 1985ರಲ್ಲಿ ಅವರಿಗೆ ಅಸಾಧಾರಣ ಪ್ರತಿಭೆಯವರಿಗೆ ಅಮೆರಿಕದಲ್ಲಿ ಕೊಡುವ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಅವರ ಕುರ್ಚಿಯಲ್ಲಿ ಕಾಲು ಸೀಟಿಗೆ ಸೇರುವ ಜಾಗ ನೋಡಬೇಕು. ಕಚ್ಚು ಹೊಡೆದು ಒಂದರೊಳಗೊಂದು ಕೂರಿಸುವುದರಿಂದ ಅಂಟು ಹಿಡಿಯಲು ಹಲವು ಮೈ ಸಿಗುತ್ತದೆ. ಅಲ್ಲಿ ಮರವನ್ನು ದಪ್ಪವಾಗಿಯೇ ಬಿಟ್ಟು, ಆಮೇಲೆ ಅರದಿಂದ, ಉಪ್ಪುಕಾಗದದಿಂದ ತೀಡುತ್ತಿದ್ದರು. ಮರದ ಕೊಂಬೆ ಬುಡದಲ್ಲಿ ಅಗಲವಾಗುತ್ತದಲ್ಲ, ಹಾಗೆ. ಅತಿ ಹೆಚ್ಚು ಒತ್ತಡ ಬೀಳುವುದು ಅಲ್ಲೇ. ಕಣ್ಣಿಗೆ ಚೆಂದ ಕಾಣುವ ಆ ಉಬ್ಬು ಭಾರ ಹೊರುವ ಉಬ್ಬೂ ಹೌದು.

ಕುರ್ಚಿ ಮುಗಿದ ಮೇಲೂ ಮರ ಸುಮ್ಮನಿರುವುದಿಲ್ಲ. ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಹಸಿ ಮರ ಪೂರ್ತಿ ಒಣಗಿದಾಗ ಉದ್ದದಲ್ಲಿ ಶೇಕಡಾ 0.1–0.2ರಷ್ಟು ಮಾತ್ರ ಕುಗ್ಗಿದರೆ, ಸುತ್ತುಂಗುರಗಳ ಗುಂಟ ಸಾಮಾನ್ಯವಾಗಿ ಶೇಕಡಾ 6ರಿಂದ 10ರಷ್ಟು ಕುಗ್ಗುತ್ತದೆ. ಇದನ್ನು ಮರೆತು ಅಗಲದ ಹಲಗೆಗೆ ಅಡ್ಡಪಟ್ಟಿ ಬಿಗಿದರೆ ಹಲಗೆ ಬಿರುಕು ಬಿಡುತ್ತದೆ.

ನಮ್ಮ ಕುರ್ಚಿಗೆ ಹೊಸ ಕೈ ಮಾಡಿದ ಆಚಾರಿಯವರು ಅಳತೆ ತೆಗೆಯುವ ಮೊದಲು ಬಹಳ ಹೊತ್ತು ತಮ್ಮ ಬಳಿಯ ಮರದ ತುಂಡುಗಳನ್ನು ತಿರುಗಿಸಿ ನೋಡಿದರು. ಕೊನೆಗೆ ಕೊಂಬೆ ಕವಲೊಡೆದ ಜಾಗದ ಒಂದು ತುಂಡು ಎತ್ತಿಕೊಂಡರು. ಅದರಲ್ಲಿ ನಾರು ತಾನಾಗಿಯೇ ಬಾಗಿತ್ತು. ಹಳೆಯ ಕೈಯನ್ನು ಅದರ ಮೇಲಿಟ್ಟು, ಆ ಬಾಗಿಗೆ ಸರಿಯಾಗಿ ಪೆನ್ಸಿಲಿನಿಂದ ಗೆರೆ ಎಳೆದರು.